ಎಡ ಅಂಚಿನ ಐದು ಚುಕ್ಕಿ

“ಇದೊಂದರಲ್ಲಿ ಮಾತ್ರ ನಿಮಗೂ ಮಿಶಿನ್ನಿಗೂ ಜಗಳ, ಮೇಡಂ,” ಎನ್ನುತ್ತ ಎಂಜಿನಿಯರ್ ಹುಡುಗಿ ಕಂಪ್ಯೂಟರಿನ ಪರದೆಯನ್ನು ಡಾಕ್ಟರಮ್ಮನ ಕಡೆಗೆ ತಿರುಗಿಸಿದಳು. “ಉಳಿದ ಹಳೇ ಚಿತ್ರಗಳಲ್ಲೆಲ್ಲ ನೀವು ಹೇಳಿದ್ದನ್ನೇ ಅದೂ ಹೇಳುತ್ತೆ. ಇದಕ್ಕೆ ನೀವು ‘ಸರಿಯಿದೆ’ ಅಂದಿದ್ದೀರಿ. ಅದು ‘ರೋಗ’ ಅಂತ ಹಟ ಹಿಡಿದಿದೆ.”

ಡಾಕ್ಟರಮ್ಮ ಹಣೆಯ ಮೇಲಿದ್ದ ಕನ್ನಡಕವನ್ನು ಕೆಳಗಿಳಿಸಿಕೊಂಡರು. ಕಪ್ಪು ಹಿನ್ನೆಲೆಯಲ್ಲಿ ಗುಂಡನೆಯ ಚಿತ್ರ. ಯಾರದೋ ಜಠರದ ಒಳಗೋಡೆ ತಿಳಿಗುಲಾಬಿಯಾಗಿ, ಒದ್ದೆಯಾಗಿ ಹೊಳೆಯುತ್ತಿತ್ತು. ಮಡಿಕೆಗಳು ಇಸ್ತ್ರಿಗೆ ಇಟ್ಟ ಬಟ್ಟೆಯ ಹಾಗೆ ಸಾಲಾಗಿ ಇದ್ದವು. ಎಡಕ್ಕೆ, ಕೆಳಗಿನ ಅಂಚಿನಲ್ಲಿ ಒಂದಿಷ್ಟು ಮಬ್ಬು. ಆ ಮಬ್ಬು ಹಳೆಯ ಚಿತ್ರಗಳಲ್ಲೆಲ್ಲ ಇತ್ತು. ಫಿಲ್ಮಿಗೂ ವಯಸ್ಸಾಗಿದೆ, ನನಗಾದ ಹಾಗೆ ಎಂದು ಅವರು ಅದನ್ನು ಅಷ್ಟಕ್ಕೇ ಬಿಟ್ಟಿದ್ದರು.

“ಹಟ ನನಗೂ ಇದೆ,” ಎಂದರು. “ಈ ಹೊಟ್ಟೆಗೆ ಏನೂ ಆಗಿಲ್ಲ.”

ಆ ಕೋಣೆ ಮೊದಲು ಫೋಟೋ ಸ್ಲೈಡುಗಳ ಉಗ್ರಾಣವಾಗಿತ್ತು. ಎಂಡೋಸ್ಕೋಪಿ ವಿಭಾಗದ ಓಣಿಯ ಕೊನೆಯಲ್ಲಿ, ಹೊಟ್ಟೆಯೊಳಗೆ ಇಳಿಸಿ ನೋಡುವ ಕೊಳವೆಗಳನ್ನು, ಅಂದರೆ ಸ್ಕೋಪುಗಳನ್ನು, ತೊಳೆಯುವ ಜಾಗಕ್ಕೆ ಅಂಟಿಕೊಂಡು ಇತ್ತು. ದಿನವಿಡೀ ಗೋಡೆಯಾಚೆ ನೀರು ಸುರಿಯುವ ಸದ್ದು, ಬಾಗಿಲ ಸಂದಿಯಿಂದ ಔಷಧಿ ನೀರಿನ ಘಾಟು. ಬೇರೆಯವರು ಮೂಗು ಮುಚ್ಚಿಕೊಂಡು ಓಡಾಡುತ್ತಿದ್ದರು. ಡಾಕ್ಟರಮ್ಮನಿಗೆ ಮಾತ್ರ ಆ ಘಾಟು ಮೂಗಿಗೆ ಬಿದ್ದರೆ ತವರಿಗೆ ಬಂದ ಹಾಗಾಗುತ್ತಿತ್ತು. ನಿವೃತ್ತಿಯಾದ ಮೇಲೆ ತಂಗಿಯ ಜತೆ ಕೂತು ಟೀವಿಯ ಅತ್ತೆಯರನ್ನು ಬೈದುಕೊಂಡು ಕಾಲ ಹಾಕುತ್ತಿದ್ದವರನ್ನು ವಿಭಾಗದವರು ಮತ್ತೆ ಕರೆಸಿಕೊಂಡಿದ್ದರು. ಅವರ ಕಾಲದ ಸ್ಲೈಡುಗಳನ್ನು ಕಂಪ್ಯೂಟರಿಗೆ ಏರಿಸಿ, ಒಂದೊಂದನ್ನೂ ತೋರಿಸಿ, ‘ಸರಿಯಿದೆ’ ಅಥವಾ ‘ರೋಗ’ ಎಂದು ಅವರ ಬಾಯಿಂದಲೇ ಹೇಳಿಸಿ, ಅದನ್ನು ಮಿಶಿನ್ನಿಗೆ ಪಾಠ ಮಾಡಿಸುವುದು. ಮಾಡಿಸಿದ್ದೂ ಆಗಿತ್ತು.

ಮಿಶಿನ್ನು ಎಂದರೆ ಗಾಲಿ, ಚಕ್ರ ಇರುವಂಥದ್ದಲ್ಲ. ಹುಡುಗಿ ಬರೆದ ಒಂದು ಪ್ರೋಗ್ರಾಮು. ಮೊದಲ ದಿನವೇ ಡಾಕ್ಟರಮ್ಮ ಕೇಳಿದ್ದರು, “ಹೊಟ್ಟೆ ಅಂದ್ರೆ ಏನು ಅಂತ ಅದಕ್ಕೆ ಗೊತ್ತಾ?”

“ಇಲ್ಲ ಮೇಡಂ. ಅದಕ್ಕೆ ಹೊಟ್ಟೆನೂ ಒಂದೇ, ಸುಣ್ಣದ ಗೋಡೆನೂ ಒಂದೇ. ಒಂದೊಂದು ಬಿಂದುನೂ ತನ್ನ ಅಕ್ಕಪಕ್ಕದ್ದಕ್ಕಿಂತ ಎಷ್ಟು ಕಪ್ಪು, ಎಷ್ಟು ಬಿಳಿ ಅಂತ ನೋಡುತ್ತೆ. ಎಲ್ಲಿ ನುಣುಪು, ಎಲ್ಲಿ ಒರಟು, ಎಲ್ಲಿ ಎಳೆ ತಪ್ಪಿದೆ ಅಂತ ಲೆಕ್ಕ ಹಾಕುತ್ತೆ. ಅಷ್ಟೇ.”

“ಬಟ್ಟೆ ಅಂಗಡೀಲಿ ಸೆರಗನ್ನ ಬೆರಳಲ್ಲಿ ಉಜ್ಜಿ ನೋಡ್ತೀವಲ್ಲ, ಹಾಗೆ.”

“ಹಾಗೇನೇ. ಬೆರಳಿಲ್ಲ, ಅಷ್ಟೇ.”

ಆ ಮಾತು ಡಾಕ್ಟರಮ್ಮನಿಗೆ ಹಿಡಿಸಿತ್ತು. ಹುಡುಗಿಯೂ ಹಿಡಿಸಿದ್ದಳು. ತಲೆಗೂದಲು ಬಾಚಲು ಪುರಸೊತ್ತಿಲ್ಲದವಳು, ಊಟದ ಡಬ್ಬಿಯನ್ನು ಮನೆಗೆ ಹಾಗೇ ವಾಪಸು ಒಯ್ಯುವವಳು, ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಎಂದು ಸಲೀಸಾಗಿ ಹೇಳುವವಳು. ಎರಡು ವರ್ಷ ಇದೊಂದಕ್ಕೇ ಕಣ್ಣು ಸವೆಸಿದ್ದಳು.

ಅಷ್ಟು ಹೊತ್ತಿಗೆ ವಿಭಾಗದ ಮುಖ್ಯಸ್ಥ ಒಳಗೆ ಬಂದ. ಐವತ್ತು ಹತ್ತಿರವಾಗಿ, ತಲೆ ಬೋಳಾಗಿದ್ದರೂ ಅವನನ್ನು ಇನ್ನೂ ಎಲ್ಲರೂ ಕರೆಯುತ್ತಿದ್ದದ್ದು ‘ಚಿಕ್ಕ ಡಾಕ್ಟರ್’ ಎಂದೇ. ಡಾಕ್ಟರಮ್ಮನ ಕೈಕೆಳಗೆ ಕಲಿಯಲು ಬಂದಾಗ ಎಲ್ಲರಿಗಿಂತ ಕಿರಿಯವನಾಗಿದ್ದ. ಅಂದು ಅಂಟಿದ ಹೆಸರು ಕೂದಲು ಹೋದರೂ ಹೋಗಲಿಲ್ಲ.

“ಮುಗೀತಾ ಮೇಡಂ? ಸೋಮವಾರ ಉದ್ಘಾಟನೆ ಇಟ್ಕೊಂಡಿದೀವಿ. ಸುತ್ತಮುತ್ತಲ ಸಣ್ಣ ಆಸ್ಪತ್ರೆಗಳಿಗೆಲ್ಲ ಕೊಡ್ತಿದೀವಿ. ಅಲ್ಲಿ ಸ್ಕೋಪ್ ಇದೆ, ನೋಡಿ ಹೇಳೋ ನಿಮ್ಮಂಥವರಿಲ್ಲ. ಇನ್ನು ಮೇಲೆ ಇದೇ ಹೇಳುತ್ತೆ.”

“ಒಂದು ಚಿತ್ರ ಉಳಿದಿದೆ, ಸರ್,” ಎಂದಳು ಹುಡುಗಿ.

ಚಿಕ್ಕ ಡಾಕ್ಟರ್ ಬಗ್ಗಿ ನೋಡಿದ. ಅವನು ನೋಡಿದ್ದು ಚಿತ್ರವನ್ನಲ್ಲ, ಅದರ ಕೆಳಗಿನ ಅಂಕಿಯನ್ನು. “ನೂರಕ್ಕೆ ತೊಂಬತ್ತೆಂಟು ರೋಗ ಅನ್ನುತ್ತಲ್ಲ. ಮೇಡಂ, ತಪ್ಪು ತಿಳೀಬೇಡಿ, ಕಣ್ಣಿನ ಪೊರೆ ಬೇರೆ ತೆಗೆಸ್ಕೊಂಡಿದೀರಿ. ಸಾವಿರಾರು ಚಿತ್ರದಲ್ಲಿ ಒಂದು ಎಡವಟ್ಟು ಯಾರಿಗಾದ್ರೂ ಆಗುತ್ತೆ. ಅದನ್ನ ರೋಗ ಅಂತ ತಿದ್ದಿ ಸಹಿ ಹಾಕ್ಬಿಡಿ. ಹಾವೂ ಸಾಯಲ್ಲ, ಕೋಲೂ ಮುರಿಯಲ್ಲ.”

“ಪೊರೆ ತೆಗೆಸಿದ ಮೇಲೇ ಕಣೋ ನನಗೆ ಚೆನ್ನಾಗಿ ಕಾಣೋದು,” ಎಂದರು ಡಾಕ್ಟರಮ್ಮ. “ನೀನು ಹೋಗಿ ಶಾಲು, ಹಾರದ ವ್ಯವಸ್ಥೆ ನೋಡ್ಕೊ. ನಾನು ಇನ್ನೊಂದು ಸಲ ನೋಡ್ತೀನಿ.”

ಅವನು ನಗುತ್ತ ಹೋದ. ಡಾಕ್ಟರಮ್ಮ ನೋಡಿದರು. ಹತ್ತಿರದಿಂದ ನೋಡಿದರು, ಕುರ್ಚಿ ಹಿಂದಕ್ಕೆ ತಳ್ಳಿ ದೂರದಿಂದ ನೋಡಿದರು. ಎಷ್ಟು ನೋಡಿದರೂ ಅದು ಹೊಟ್ಟೆ ತುಂಬ ಉಣ್ಣಬಹುದಾದ ಮನುಷ್ಯನ ಹೊಟ್ಟೆಯೇ.

“ಇನ್ನೊಂದು ವಿಷಯ ಮೇಡಂ,” ಎಂದಳು ಹುಡುಗಿ. “ನಿಮ್ಮ ಹಳೇ ಸ್ಕೋಪಿನ ಚಿತ್ರಗಳಲ್ಲಿ ನೀವು ‘ಸರಿಯಿದೆ’ ಅಂದದ್ದು ಇದೊಂದೇ. ಸರಿಯಿರೋ ಹೊಟ್ಟೆ ಚಿತ್ರ ಎಲ್ಲ ನಾನು ತಗೊಂಡಿದ್ದು ತಪಾಸಣೆ ವಿಭಾಗದ ಹೊಸ ಸ್ಕೋಪಿನಿಂದ. ನಿಮ್ಮ ಕಾಲದಲ್ಲಿ ಸರಿಯಿರೋ ಹೊಟ್ಟೆಯವರು ಯಾರೂ ಬರ್ತಾನೇ ಇರ್ಲಿಲ್ವಾ?”

“ಬರದೆ ಏನು. ಫೋಟೋ ತೆಗೀತಿರ್ಲಿಲ್ಲ. ಫಿಲ್ಮು ದುಬಾರಿ. ನಮ್ಮ ದೊಡ್ಡ ಡಾಕ್ಟ್ರು ಹೇಳೋರು, ಚೆನ್ನಾಗಿರೋ ಹೊಟ್ಟೆಗೆ ಫಿಲ್ಮು ದಂಡ ಮಾಡಬೇಡಿ ಅಂತ.”

ಹಾಗೆಂದ ಡಾಕ್ಟರಮ್ಮ ಮತ್ತೆ ಪರದೆಯ ಕಡೆ ನೋಡಿದರು. ಹಾಗಾದರೆ ಈ ಚೆನ್ನಾಗಿರುವ ಹೊಟ್ಟೆಗೆ ಫಿಲ್ಮು ದಂಡ ಮಾಡಿದವರು ಯಾರು? ಯಾಕೆ?

ಗೋಡೆಯಾಚೆ ಯಾರೋ ನಲ್ಲಿ ನಿಲ್ಲಿಸಿದರು. ಡಾಕ್ಟರಮ್ಮನ ಕೈ ತಾನಾಗಿ ಕತ್ತಿನ ಸರಕ್ಕೆ ಹೋಯಿತು.

“ನೀನು ಇದನ್ನ ಏನಾದ್ರೂ ತೊಳೆದಿದೀಯಾ?” ಎಂದು ಕೇಳಿದರು.

“ಹೂಂ ಮೇಡಂ. ಹಳೇ ಸ್ಕೋಪಿನ ಚಿತ್ರದಲ್ಲಿ ಬಲೆ ಬಲೆ ಥರ ಇರುತ್ತಲ್ಲ, ಗಾಜಿನ ಎಳೆಗಳದ್ದು. ಅದಿದ್ರೆ ಮಿಶಿನ್ನು ಬಲೆಯನ್ನೇ ಓದಿಬಿಡುತ್ತೆ ಅಂತ ಅದನ್ನ ಅಳಿಸಿ ನುಣುಪು ಮಾಡಿದೀನಿ.”

“ಅಳಿಸೋಕೆ ಮುಂಚಿನದ್ದು ತೋರ್ಸು.”

ಹುಡುಗಿ ಎರಡು ಗುಂಡಿ ಒತ್ತಿದಳು. ಅದೇ ಹೊಟ್ಟೆ, ಈಗ ಸೊಳ್ಳೆಪರದೆಯ ಒಳಗಿಂದ ನೋಡಿದ ಹಾಗೆ ಬಂತು. ಎಡಕ್ಕೆ, ಕೆಳಗಿನ ಅಂಚಿನಲ್ಲಿ ಮಬ್ಬು ಇದ್ದಲ್ಲಿ ಈಗ ಕಪ್ಪನೆಯ ಐದು ಚುಕ್ಕಿಗಳಿದ್ದವು. ಮೂರು ಹತ್ತಿರ ಹತ್ತಿರ, ಒಂದು ಸ್ವಲ್ಪ ಮೇಲೆ, ಇನ್ನೊಂದು ಎಲ್ಲವನ್ನೂ ಬಿಟ್ಟು ದೂರದಲ್ಲಿ ಒಂಟಿಯಾಗಿ.

ಡಾಕ್ಟರಮ್ಮ ನಕ್ಕರು. ಕನ್ನಡಕ ತೆಗೆದು ಸೆರಗಿನಿಂದ ಒರೆಸಿಕೊಂಡರು. ಒರೆಸುವುದಕ್ಕೆ ಕನ್ನಡಕದಲ್ಲಿ ಏನೂ ಇರಲಿಲ್ಲ.

“ಏನಾಯ್ತು ಮೇಡಂ? ಯಾರದಿದು?”

“ನನ್ನ ಯಜಮಾನ್ರದ್ದು,” ಎಂದರು ಡಾಕ್ಟರಮ್ಮ. “ಆಗಿನ್ನೂ ಯಜಮಾನ್ರು ಆಗಿರ್ಲಿಲ್ಲ.”

ಆ ಬೆಳಿಗ್ಗೆ ಅವರ ಕಣ್ಣಿಗೆ ಕಟ್ಟಿದ ಹಾಗಿತ್ತು. ಆಗ ಅವರು ವಿಭಾಗಕ್ಕೆ ಹೊಸಬರು, ಬಿಳಿ ಕೋಟಿನ ಇಸ್ತ್ರಿ ಇನ್ನೂ ಮಾಸದ ಕಾಲ. ಇಡೀ ವಿಭಾಗಕ್ಕೆ ಇದ್ದದ್ದು ಎರಡೇ ಸ್ಕೋಪು. ಹೊಸದಾಗಿ ಬಂದದ್ದನ್ನು ದೊಡ್ಡ ಡಾಕ್ಟರು ಕೂಸಿನ ಹಾಗೆ ನೋಡಿಕೊಳ್ಳುತ್ತಿದ್ದರು; ಹಿರಿಯ ಸಿಸ್ಟರ್ ಬಿಟ್ಟರೆ ಬೇರೆಯವರು ಅದನ್ನು ತೊಳೆಯುವಂತಿರಲಿಲ್ಲ. ಅದನ್ನು ಅಂದು ಮೊದಲ ಸಲ ಡಾಕ್ಟರಮ್ಮನ ಕೈಗೆ ಕೊಟ್ಟಿದ್ದರು. ಮೇಜಿನ ಮೇಲೆ ಎಡಮಗ್ಗುಲಾಗಿ ಮಲಗಿದ್ದವನು ನಕ್ಷೆ ಕಚೇರಿಯಲ್ಲಿ ನಕ್ಷೆ ಬರೆಯುವ ಕೆಲಸದವನು. ಹೊತ್ತಿಗೆ ಸರಿಯಾಗಿ ಉಣ್ಣದೆ ಎದೆಯುರಿ ತಂದುಕೊಂಡಿದ್ದ. ಅಂಗಿಯ ಜೇಬಿನಲ್ಲಿ ಒಂದು ಪೆನ್ಸಿಲು, ಅದರ ಹಿಂಭಾಗವನ್ನು ಇಲಿ ಕಡಿದಿತ್ತೋ ಎನ್ನುವ ಹಾಗೆ ಅಗಿದಿದ್ದ.

ಕೊಳವೆ ಒಳಗಿಳಿದಿತ್ತು. ಎಲ್ಲ ಸರಿಯಾಗಿಯೇ ನಡೆದಿತ್ತು. ಅಷ್ಟರಲ್ಲಿ ಆ ಮನುಷ್ಯ ಬಾಯಲ್ಲಿ ಕೊಳವೆ ಇಟ್ಟುಕೊಂಡೇ ಏನೋ ಹೇಳಲು ಹೋದ. ಹಲ್ಲುಗಳ ನಡುವೆ ಕೂರಿಸಿದ್ದ ಪ್ಲಾಸ್ಟಿಕ್ ಬಳೆ ಜಾರಿತು. ಕಟಕ್ ಎಂಬ ಸಣ್ಣ ಸದ್ದು. ಆ ಸದ್ದಿಗೆ ಕೋಣೆಯಲ್ಲಿದ್ದ ಮೂವರ ಜೀವವೂ ಬಾಯಿಗೆ ಬಂತು. ದೊಡ್ಡ ಡಾಕ್ಟರು ಓಡಿಬಂದು ಕಣ್ಣಿಟ್ಟು ನೋಡಿದರು. ಕೂದಲಿಗಿಂತ ಸಣ್ಣ ಗಾಜಿನ ಎಳೆಗಳ ಕಟ್ಟು ಅದು. ಒಂದು ಎಳೆ ಮುರಿದರೆ ಚಿತ್ರದಲ್ಲಿ ಒಂದು ಕಪ್ಪು ಚುಕ್ಕಿ, ಜನ್ಮಕ್ಕೆ ಹೋಗದ್ದು. ಐದು ಮುರಿದಿದ್ದವು. “ಫೋಟೋ ತೆಗೀರಿ,” ಎಂದು ಕೂಗಿದರು, “ಕಂಪನಿಗೆ ಕಳಿಸ್ಬೇಕು.” ಚೆನ್ನಾಗಿದ್ದ ಹೊಟ್ಟೆಗೆ ಆ ವಿಭಾಗದಲ್ಲಿ ಫಿಲ್ಮು ಖರ್ಚಾದದ್ದು ಅದೊಂದೇ ಸಲ.

ಕೊಳವೆ ಹೊರಗೆ ಬಂದ ಮೇಲೆ, ಮರಗಟ್ಟಿದ ನಾಲಿಗೆಯಲ್ಲಿ ಆತ ಹೇಳಿದ್ದ, “ತಪ್ಪಾಯ್ತು ಡಾಕ್ಟ್ರೇ. ನೋವಾಗ್ತಿಲ್ಲ, ನೀವು ಹೆದರ್ಕೋಬೇಡಿ ಅಂತ ಹೇಳೋಕೆ ಹೋದೆ.”

ಹಿರಿಯ ಸಿಸ್ಟರ್ ಅವನ ಜೇಬು ನೋಡಿ, “ಪೆನ್ಸಿಲ್ ಅಂದ್ಕೊಂಡ್ರಾ?” ಎಂದಿದ್ದಳು.

ಕಂಪನಿಯವರು ಕೈ ಎತ್ತಿದರು. ದೊಡ್ಡ ಡಾಕ್ಟರು ಆ ಸ್ಕೋಪನ್ನು ಮತ್ತೆ ಮುಟ್ಟಲಿಲ್ಲ. “ನಿನ್ನ ಪೇಷೆಂಟು ಕಚ್ಚಿದ್ದು, ನೀನೇ ಇಟ್ಕೊ,” ಎಂದು ಡಾಕ್ಟರಮ್ಮನಿಗೆ ವಹಿಸಿಬಿಟ್ಟರು. ಹೊಸ ಕಾಲದ ಸ್ಕೋಪು ಬರುವವರೆಗೂ, ಹನ್ನೊಂದು ವರ್ಷ, ಅವರು ನೋಡಿದ ಹೊಟ್ಟೆಗಳನ್ನೆಲ್ಲ ಅದರಲ್ಲೇ ನೋಡಿದರು.

ನಕ್ಷೆಯವನು ಸುಮ್ಮನಾಗಲಿಲ್ಲ. ವಾರ ಬಿಟ್ಟು ಒಂದು ದೊಡ್ಡ ಸುರುಳಿ ಹಿಡಿದು ಬಂದ. ಬಿಚ್ಚಿದರೆ ಜಠರದ ನಕ್ಷೆ. ನದಿ ಬರೆಯುವ ಗೆರೆಯಲ್ಲಿ ರಕ್ತನಾಳ, ಬೆಟ್ಟ ಬರೆಯುವ ಗೆರೆಯಲ್ಲಿ ಮಡಿಕೆ, ಮೂಲೆಯಲ್ಲಿ ದಿಕ್ಕು ತೋರಿಸುವ ಬಾಣ. ಸಿಸ್ಟರ್ ಅದನ್ನು ಗೋಡೆಗೆ ಹಾಕಿದಳು. ಆತ ಮತ್ತೆ ಬಂದ, ಅಕ್ಷರ ತಿದ್ದುವ ನೆಪದಲ್ಲಿ. ಮೂರನೆಯ ಸಲ ಬಂದಾಗ ನೆಪ ಸಿಗದೆ, “ನಾನು ಹಾಳು ಮಾಡಿದ್ದು ಏನು ಅಂತ ನನಗೊಂದು ಸಲ ತೋರ್ಸಿ,” ಎಂದ. ಡಾಕ್ಟರಮ್ಮ ಕೊಳವೆಯ ತುದಿಯನ್ನು ತಮ್ಮ ಅಂಗೈಗೆ ಹಿಡಿದು, ದೀಪ ಹಾಕಿ, ಕಣ್ಣಿಡುವ ತುದಿಯನ್ನು ಅವನ ಕೈಗೆ ಕೊಟ್ಟರು. ಆತ ಒಂದು ಕಣ್ಣು ಮುಚ್ಚಿ ತುಂಬ ಹೊತ್ತು ನೋಡಿದ. ಅಂಗೈ ನೋಡಲು ಅಷ್ಟು ಹೊತ್ತು ಬೇಕಿರಲಿಲ್ಲ.

“ಗೆರೆಗಳೆಲ್ಲ ರಸ್ತೆ ಥರ ಇವೆ,” ಎಂದ. “ನಡುವೆ ಐದು ಊರು.”

“ಯಾವ ಊರು?”

“ಇದು ಹೆದರೂರು. ಇದು ಕಚ್ಚೂರು. ಪಕ್ಕದ್ದು ಬೈಗುಳಳ್ಳಿ. ಮೇಲಿರೋದು ಕ್ಷಮಾಪುರ.”

“ಆ ಒಂಟಿ ಊರು?”

“ಅದರದ್ದು ಸರ್ವೆ ಆಗಿಲ್ಲ. ಆದಮೇಲೆ ಹೇಳ್ತೀನಿ.”

ಮದುವೆಯಾದ ಮೇಲೂ ಕೇಳಿದಾಗಲೆಲ್ಲ ಅದೇ ಉತ್ತರ. ಸರ್ವೆ ನಡೀತಾ ಇದೆ. ಎಂದಾದರೂ ವಿಭಾಗಕ್ಕೆ ಬಂದು, ದೀಪದ ಪೆಟ್ಟಿಗೆಯ ಮೇಲೆ ಹರಡಿದ ಸ್ಲೈಡುಗಳನ್ನು ಕಂಡರೆ ಆತ ಸಿಸ್ಟರ್ ಹತ್ತಿರ ಜಂಬ ಕೊಚ್ಚುತ್ತಿದ್ದ, “ನೋಡಿ, ಊರವರ ಹೊಟ್ಟೆಗೆಲ್ಲ ನನ್ನದೇ ಸಹಿ.” ನಾಲ್ಕು ವರ್ಷದ ಹಿಂದೆ, ಸರ್ವೆ ಮುಗಿಸದೆಯೇ ಆತ ಹೊರಟುಬಿಟ್ಟ. ಹೊಟ್ಟೆ ಕೊನೆಯವರೆಗೂ ಗಟ್ಟಿಯಾಗಿತ್ತು. ಹೊಟ್ಟೆ ನೋಡುವವಳನ್ನು ಕಟ್ಟಿಕೊಂಡ ಮನುಷ್ಯನಿಗೆ ಕೈ ಕೊಟ್ಟದ್ದು ಹೃದಯ.

ಡಾಕ್ಟರಮ್ಮ ಇಷ್ಟನ್ನೂ ಹುಡುಗಿಗೆ ಹೇಳಲಿಲ್ಲ. ಕಚ್ಚಿದ್ದನ್ನು, ಎಳೆ ಮುರಿದದ್ದನ್ನು, ಫೋಟೋ ತೆಗೆದದ್ದನ್ನು, ಹನ್ನೊಂದು ವರ್ಷ ಅದೇ ಸ್ಕೋಪನ್ನು ಬಳಸಿದ್ದನ್ನು ಹೇಳಿದರು. ಹುಡುಗಿ ನಗುತ್ತ ಕೇಳುತ್ತಿದ್ದವಳು ನಡುವೆ ನಗು ನಿಲ್ಲಿಸಿದಳು.

“ಹಾಗಾದ್ರೆ ಈ ಐದು ಚುಕ್ಕಿ ಹನ್ನೊಂದು ವರ್ಷದ ಎಲ್ಲ ಚಿತ್ರದಲ್ಲೂ ಇದೆ.”

“ಇದೆ.”

“ಆ ಚಿತ್ರಗಳಲ್ಲಿರೋರೆಲ್ಲ ರೋಗದವರು.”

“ಇವರೊಬ್ಬರನ್ನ ಬಿಟ್ಟು.”

ಹುಡುಗಿ ಕೀಲಿಮಣೆಯ ಕಡೆ ತಿರುಗಿದಳು. ಬಲೆ ಅಳಿಸುವಾಗ ಚುಕ್ಕಿಗಳು ಹರಡಿ ಒರಟು ಮಬ್ಬಾಗಿ ಉಳಿದಿದ್ದವು. ಅವಳ ಕಣ್ಣಿಗೆ ಅದು ಮಬ್ಬು, ಮಿಶಿನ್ನಿಗೆ ಅದು ಎಳೆ ತಪ್ಪಿದ ಜಾಗ. ತಪಾಸಣೆ ವಿಭಾಗದ ಹೊಸ ಚಿತ್ರವೊಂದನ್ನು ತೆಗೆದಳು. ಸರಿಯಿರುವ ಹೊಟ್ಟೆ, ಮಿಶಿನ್ನೂ ‘ಸರಿಯಿದೆ’ ಎಂದೇ ಹೇಳಿತ್ತು. ಅದರ ಎಡ ಅಂಚಿಗೆ ಅದೇ ಮಬ್ಬನ್ನು ತಂದು ಅಂಟಿಸಿ ಮತ್ತೆ ಕೇಳಿದಳು. ರೋಗ ಎಂದಿತು. ಕಾಮಾಲೆ ಕಣ್ಣಿಗೆ ಕಂಡದ್ದೆಲ್ಲ ಹಳದಿ ಎನ್ನುವುದನ್ನು ಡಾಕ್ಟರಮ್ಮ ಬಾಯಿಬಿಟ್ಟು ಹೇಳಲಿಲ್ಲ. ಹುಡುಗಿಯ ಮುಖ ಆಗಲೇ ಬಿಳಿಚಿಕೊಂಡಿತ್ತು.

“ಈಗ ಉಲ್ಟಾ ಮಾಡು,” ಎಂದರು ಮೆಲ್ಲಗೆ. “ನಿಜವಾದ ರೋಗದ್ದು ಒಂದು ತೆಗಿ.”

ಹಳೆಯ ಚಿತ್ರವೊಂದು ಬಂತು. ಒರಟು ಅಂಚಿನ ಹುಣ್ಣು, ನಡುವೆ ಬೂದು ಬಣ್ಣ. ಡಾಕ್ಟರಮ್ಮನಿಗೆ ಆ ಮನುಷ್ಯನ ನೆನಪಿತ್ತು. ಬಸ್ ಓಡಿಸುವವನು, ಮೇಜಿನ ಮೇಲೆ ಮಲಗುವ ಮುಂಚೆ ಚಪ್ಪಲಿಯನ್ನು ಗೋಡೆಗೆ ಸರಿಯಾಗಿ ಜೋಡಿಸಿಟ್ಟವನು. ಹುಡುಗಿ ಎಡ ಅಂಚಿನ ಮಬ್ಬನ್ನು ಮಾತ್ರ ಪಕ್ಕದ ಬಣ್ಣದಿಂದ ಮುಚ್ಚಿದಳು. ಹುಣ್ಣು ಹುಣ್ಣಾಗಿಯೇ ನಡುವೆ ಕೂತಿತ್ತು. ಗುಂಡಿ ಒತ್ತಿದಳು.

ಸರಿಯಿದೆ, ಎಂದಿತು ಮಿಶಿನ್ನು.

ಹುಡುಗಿ ಕೀಲಿಮಣೆಯಿಂದ ಕೈ ಹಿಂದಕ್ಕೆ ತೆಗೆದಳು.

“ಸಣ್ಣ ಆಸ್ಪತ್ರೆಗಳಲ್ಲೆಲ್ಲ ಹೊಸ ಸ್ಕೋಪೇ ಇರೋದು,” ಎಂದಳು ಹುಡುಗಿ. “ಚುಕ್ಕಿನೇ ಇರಲ್ಲ. ಯಾರು ಹೋದ್ರೂ ಸರಿಯಿದೆ, ಮನೆಗೆ ಹೋಗಿ ಅಂತ ಕಳಿಸ್ತಿತ್ತು. ಎರಡು ವರ್ಷ ಮೇಡಂ. ಎರಡು ವರ್ಷ ಇದಕ್ಕೆ ನಾನು ಹಲ್ಲಿನ ಗುರುತು ಓದೋದು ಕಲಿಸಿದೀನಿ.”

“ಅಳಬೇಡ. ಸೋಮವಾರಕ್ಕೆ ಮುಂಚೆ ಗೊತ್ತಾಯ್ತಲ್ಲ.”

ಚಿಕ್ಕ ಡಾಕ್ಟರನ್ನು ಕರೆಸಿದರು. ಅವನು ಮೊದಲು ನಂಬಲಿಲ್ಲ, ಆಮೇಲೆ ಕೋಪ ಮಾಡಿಕೊಂಡ, ಆಮೇಲೆ ಕುರ್ಚಿಯಲ್ಲಿ ಕುಸಿದು ಕೂತ. “ಕೈಗೆ ಬಂದ ತುತ್ತು ಬಾಯಿಗೆ ಬರ್ಲಿಲ್ಲ,” ಎಂದು ಗೊಣಗಿಕೊಂಡ. ಆಹ್ವಾನ ಪತ್ರ ಹಂಚಿಯಾಗಿದೆ, ದೊಡ್ಡವರೆಲ್ಲ ಬರುತ್ತಾರೆ, ಯಾವ ಮುಖ ಇಟ್ಟುಕೊಂಡು ಮುಂದೂಡಲಿ ಎಂದ. ಹಾಗೆನ್ನುತ್ತಲೇ ಪರದೆಯ ಮೇಲಿನ ಐದು ಚುಕ್ಕಿಗಳನ್ನು ನೋಡುತ್ತ ಅವನ ಮಾತು ನಿಧಾನವಾಯಿತು.

“ಈ ಸ್ಕೋಪು ನನಗೂ ಗೊತ್ತು ಮೇಡಂ. ನಾನು ಕಲಿತದ್ದು ಇದರಲ್ಲೇ.”

“ಗೊತ್ತಿಲ್ದೆ ಏನು. ಮೊದಲ ದಿನ ಕಣ್ಣಿಟ್ಟು ನೀನು ಏನು ಹೇಳ್ದೆ, ನೆನಪಿದೆಯಾ?”

ಅವನು ಬೋಳುತಲೆ ಸವರಿಕೊಂಡ. “ಎಡಗಡೆ ಅಲ್ಸರ್ ಇದೆ ಮೇಡಂ, ಐದು ಇದೆ ಅಂದೆ.”

“ಅದಕ್ಕೆ ಸಿಸ್ಟರ್ ನಗ್ತಾ ಹೊರಗೆ ಹೋದಳು. ನಿನ್ನನ್ನ ನಾವು ಕೆಲಸದಿಂದ ತೆಗೀಲಿಲ್ಲ. ಅದು ಹಲ್ಲಿನ ಗುರುತಪ್ಪಾ, ಇನ್ನೊಂದು ಸಲ ನೋಡು ಅಂದ್ವಿ. ಇದಕ್ಕೂ ಅದನ್ನೇ ಅನ್ನೋದು.”

ಚಿಕ್ಕ ಡಾಕ್ಟರಿಗೆ ನಗು ಬಂತು. ಎದ್ದು ಹೊರಗೆ ಹೋದವನು ಓಣಿಯಲ್ಲೇ ನಿಂತು ಫೋನಿನಲ್ಲಿ ಯಾರಿಗೋ ಸೋಮವಾರದ ಕಾರ್ಯಕ್ರಮ ಇಲ್ಲ ಎಂದು ಹೇಳುವುದು ಕೇಳಿಸಿತು. ಕಾರಣವಾಗಿ ಹೇಳಿದ್ದು ತಾಂತ್ರಿಕ ತೊಂದರೆ ಎಂದು.

ಹುಡುಗಿ ಆಗಲೇ ಲೆಕ್ಕ ಹಾಕುತ್ತಿದ್ದಳು. “ಸುಲಭದ ದಾರಿ ಅಂದ್ರೆ ಹಳೇ ಚಿತ್ರಗಳನ್ನ ಪೂರ್ತಿ ಬಿಟ್ಟುಬಿಡೋದು, ಮೇಡಂ. ಹೊಸ ಸ್ಕೋಪಲ್ಲೇ ರೋಗದ ಚಿತ್ರ ಸಿಗೋವರೆಗೂ ಕಾಯೋದು.”

“ಬಿಡೋದು ಅಂದ್ರೆ, ಎಸೆಯೋದಾ?”

“ಎಸೆಯಲ್ಲ. ಮಿಶಿನ್ನಿಗೆ ತೋರ್ಸಲ್ಲ.”

ಡಾಕ್ಟರಮ್ಮ ಬಸ್ಸಿನವನ ಚಿತ್ರವನ್ನು ನೋಡುತ್ತ ಕೂತರು. ಚಪ್ಪಲಿ ಜೋಡಿಸಿಟ್ಟವನು ಮತ್ತೆ ಆರು ತಿಂಗಳೂ ಬದುಕಲಿಲ್ಲ. ಅವನ ಹಾಗೆ ಎಷ್ಟು ಜನ. ಕಣ್ಣಲ್ಲಿ ನೀರು ಸುರಿಸುತ್ತ, ಸಿಸ್ಟರಿನ ಕೈಯನ್ನು ನೀಲಿಗಟ್ಟುವಂತೆ ಹಿಡಿದು, ಹೆಬ್ಬೆರಳು ದಪ್ಪದ ಕೊಳವೆಯನ್ನು ನುಂಗಿದವರು.

“ಬೇಡ,” ಎಂದರು. “ಪಾಪ, ಅವರೆಲ್ಲ ಕಷ್ಟಪಟ್ಟು ನುಂಗಿದ್ದು. ಅವರದು ಇರಲಿ. ಬೇರೆ ದಾರಿ ಇಲ್ವಾ?”

“ಇದೆ. ಚುಕ್ಕಿಗಳನ್ನ ತುಂಬಬಹುದು. ಪಕ್ಕದ ಬಣ್ಣ ತಂದು, ಅಲ್ಲಿ ಚುಕ್ಕಿ ಇತ್ತು ಅಂತಲೇ ಗೊತ್ತಾಗದ ಹಾಗೆ. ಹೊಸ ಸ್ಕೋಪಿನ ಚಿತ್ರನೂ ಆಮೇಲೆ ಸೇರಿಸ್ಬೇಕು, ಆದ್ರೆ ಮೊದಲು ಇದು. ಯಾವುದು ಮುರಿದ ಎಳೆ, ಯಾವುದು ನಿಜವಾದ ಕಲೆ ಅಂತ ನೀವು ಕೂತು ತೋರಿಸ್ಬೇಕಾಗುತ್ತೆ.” ಅವಳು ಡಾಕ್ಟರಮ್ಮನ ಮುಖ ನೋಡಿದಳು. “ಮೇಡಂ, ನಿಮಗೆ ಬೇಜಾರಾದ್ರೆ ಬೇಡ.”

ಬೇಜಾರು ಆಗಿಯೇ ಆಗಿತ್ತು. ನಾಲ್ಕು ವರ್ಷದಿಂದ ಮನೆಯಲ್ಲಿ ಒಂದೊಂದಾಗಿ ಗಂಡನ ಗುರುತು ಕರಗುವುದನ್ನು ಡಾಕ್ಟರಮ್ಮ ನೋಡುತ್ತಿದ್ದರು. ಅಂಗಿಗಳು ಯಾರಿಗೋ ಹೋದವು, ಕುರ್ಚಿಯ ತಗ್ಗು ತುಂಬಿಕೊಂಡಿತು. ಈಗ ಗೊತ್ತೇ ಇರದಿದ್ದ ಕಡೆ, ಸಾವಿರಾರು ಚಿತ್ರಗಳಲ್ಲಿ, ಆ ಹಲ್ಲು ಹಾಗೇ ಕಚ್ಚಿ ಕೂತಿರುವುದು ಸಿಕ್ಕಿತ್ತು. ಸಿಕ್ಕ ದಿನವೇ ಅಳಿಸಬೇಕು. ಇನ್ನೊಂದು ವಾರ ಇಟ್ಟುಕೊಂಡರೆ ಯಾರ ಗಂಟು ಹೋಗುತ್ತದೆ ಎಂದು ಅವರ ಮನಸ್ಸು ಚಿಕ್ಕ ಮಗುವಿನ ಹಾಗೆ ಕೇಳಿತು.

“ಎಲ್ಲಿ ತೋರಿಸ್ಬೇಕು?” ಎಂದು ಕುರ್ಚಿ ಮುಂದಕ್ಕೆಳೆದುಕೊಂಡರು.

ಹುಡುಗಿ ಡಾಕ್ಟರಮ್ಮನ ಗಂಡನ ಚಿತ್ರವನ್ನೇ ಪರದೆಯ ತುಂಬ ಮಾಡಿದಳು. ಮೌಸಿನ ಬಾಣವನ್ನು ಮೊದಲ ಚುಕ್ಕಿಯ ಮೇಲೆ ಇಟ್ಟು ಒತ್ತಬೇಕು. ಕೆಂಪು ಉಂಗುರ ಮೂಡುತ್ತದೆ. ಡಾಕ್ಟರಮ್ಮ ಒತ್ತಿದರು.

“ಹೆದರೂರು,” ಎಂದರು ತಮ್ಮಷ್ಟಕ್ಕೆ.

“ಏನು ಮೇಡಂ?”

“ಊರಿನ ಹೆಸರು. ನಿನಗಲ್ಲ.” ಮುಂದಿನದಕ್ಕೆ ಹೋದರು. “ಕಚ್ಚೂರು. ಬೈಗುಳಳ್ಳಿ.” ಬಾಣ ಜಾರಿತು, ಮತ್ತೆ ತಂದು ಇಟ್ಟರು. “ಕ್ಷಮಾಪುರ.”

ಹುಡುಗಿಗೆ ಏನು ತಿಳಿಯಿತೋ, ಅವಳೂ ದನಿ ತಗ್ಗಿಸಿ ಕೇಳಿದಳು, “ಇದು? ದೂರ ಇರೋದು?”

“ಇದಕ್ಕೆ ಹೆಸರಿಲ್ಲಮ್ಮ. ಸರ್ವೆ ಆಗಿಲ್ಲ.”

ಬಾಣ ಆ ಒಂಟಿ ಚುಕ್ಕಿಯ ಮೇಲೆ ಸುಮಾರು ಹೊತ್ತು ನಿಂತಿತು. ಆಮೇಲೆ ಒತ್ತಿದರು.

ಇನ್ನು ಒಂದೊಂದೇ ಚಿತ್ರವನ್ನು ತೆಗೆದು, ಒಂದೊಂದರಲ್ಲೂ ಹೀಗೆ ಕೂರಬೇಕು, ಅದಕ್ಕೆ ತಿಂಗಳುಗಟ್ಟಲೆ ಹಿಡಿಯುತ್ತದೆ ಎಂದು ಅವರು ಅಂದುಕೊಂಡಿದ್ದರು. ಹಾಗೆ ಅಂದುಕೊಂಡೇ ಮನಸ್ಸು ಗಟ್ಟಿ ಮಾಡಿಕೊಂಡಿದ್ದರು. “ಮುಂದಿನದ್ದು ತೆಗಿ,” ಎಂದರು.

“ಬೇಕಾಗಿಲ್ಲ ಮೇಡಂ. ಸ್ಕೋಪು ಒಂದೇ, ಕ್ಯಾಮೆರಾ ಸಿಕ್ಕಿಸೋ ಕೊಂಡಿ ಒಂದೇ. ಎಲ್ಲ ಚಿತ್ರದಲ್ಲೂ ಅದೇ ಜಾಗ. ಒಂದರಲ್ಲಿ ತೋರ್ಸಿದ್ರೆ ಸಾಕು, ಉಳಿದದ್ದು ಅದೇ ಮಾಡ್ಕೊಳ್ಳುತ್ತೆ.”

ಅವಳು ಗುಂಡಿ ಒತ್ತಿದಳು. ಚಿತ್ರಗಳು ಪರದೆಯ ಮೇಲೆ ಒಂದರ ಹಿಂದೊಂದು ಓಡಿದವು. ಹುಣ್ಣು, ಊತ, ಗಂಟು, ಬೂದು, ಕೆಂಪು. ಒಂದೊಂದರ ಎಡ ಅಂಚಿನಲ್ಲೂ ಐದು ಚುಕ್ಕಿ ಕಂಡು, ಇಲ್ಲವಾಗಿ, ಚಿತ್ರ ಮುಂದಕ್ಕೆ ಹೋಯಿತು. ಮೇಜಿನ ಮೇಲಿದ್ದ ಕಾಫಿ ಆರುವುದರೊಳಗೆ ಹನ್ನೊಂದು ವರ್ಷ ಮುಗಿದಿತ್ತು.

ಕೊನೆಗೆ ಗಂಡನ ಚಿತ್ರ ಮತ್ತೆ ಬಂತು. ಬಲೆ ಇಲ್ಲ, ಮಬ್ಬಿಲ್ಲ, ಚುಕ್ಕಿಯಿಲ್ಲ. ಯಾರ ಹೊಟ್ಟೆಯಾದರೂ ಆಗಬಹುದಾದ, ಚೆನ್ನಾಗಿರುವ ಒಂದು ಹೊಟ್ಟೆ. ಮಿಶಿನ್ನಿಗೆ ಹೊಸದಾಗಿ ಪಾಠ ಹೇಳಿಸುವಷ್ಟರಲ್ಲಿ ಮಧ್ಯಾಹ್ನವಾಯಿತು. ಅದು ನೂರಕ್ಕೆ ಎಷ್ಟು ಚಿತ್ರ ಸರಿಯಾಗಿ ಹೇಳುತ್ತದೆ ಎಂಬ ಅಂಕಿ ತೊಂಬತ್ತರ ಮೇಲಿದ್ದದ್ದು ಎಂಬತ್ತಕ್ಕೂ ಕೆಳಗೆ ಬಿತ್ತು. ಹುಡುಗಿ ಅದನ್ನು ನೋಡಿ ನಿಟ್ಟುಸಿರು ಬಿಟ್ಟು, ಊಟದ ಡಬ್ಬಿ ತೆಗೆದಳು. ತಿನ್ನುವ ಮುಂಚೆ ಆ ಒಂದು ಚಿತ್ರವನ್ನು ಮಿಶಿನ್ನಿಗೆ ತೋರಿಸಿದಳು.

“ಸರಿಯಿದೆ ಅನ್ನುತ್ತೆ ಮೇಡಂ. ಈಗ ನಿಮ್ಮದೂ ಅದರದೂ ಒಂದೇ ಮಾತು.”

“ಹೂಂ,” ಎಂದರು ಡಾಕ್ಟರಮ್ಮ. “ನಾನು ಆವತ್ತೇ ಹೇಳಿದ್ದೆ.”

ಸಂಜೆ ಮನೆಗೆ ಬಂದಾಗ ತಂಗಿ ಅಡಿಗೆಮನೆಯ ಡಬ್ಬಿಗಳ ಮುಚ್ಚಳ ತೆಗೆದು ತೆಗೆದು ನೋಡುತ್ತಿದ್ದಳು. “ಅಕ್ಕಾ, ನಾಳೆ ಅಂಗಡಿಗೆ ಹೋಗ್ತೀನಿ. ಏನೇನು ಬೇಕು ಹೇಳ್ತೀನಿ, ಒಂದು ಚೀಟೀಲಿ ಬರ್ಕೊಡು,” ಎಂದಳು.

ಡಾಕ್ಟರಮ್ಮ ಚಪ್ಪಲಿ ಬಿಟ್ಟು, ಮುಖ ತೊಳೆದು ಬಂದು ಮೇಜಿನ ಮುಂದೆ ಕೂತರು. ತಗಡಿನ ಡಬ್ಬಿಯಲ್ಲಿ ಗಂಡ ಬಿಟ್ಟುಹೋದ ಪೆನ್ಸಿಲುಗಳಲ್ಲಿ ಕೊನೆಯದೊಂದು ಉಳಿದಿತ್ತು. ಹೆರೆದು ಹೆರೆದು ಬೆರಳುದ್ದಕ್ಕೆ ಬಂದಿತ್ತು. ತುದಿ ಮೊಂಡಾಗಿತ್ತು. ಹೆರೆಯುವ ಬ್ಲೇಡನ್ನು ಕೈಗೆ ತೆಗೆದುಕೊಂಡರು. ಪೆನ್ಸಿಲನ್ನು ಬೆಳಕಿಗೆ ಹಿಡಿದು, ಹಿಂಭಾಗದ ಹಲ್ಲಿನ ಗುರುತಿಗೂ ತುದಿಗೂ ನಡುವೆ ಎಷ್ಟು ಉಳಿದಿದೆ ಎಂದು ನೋಡಿದರು. ಬ್ಲೇಡನ್ನು ಕೆಳಗಿಟ್ಟರು.

ತಂಗಿ ಹೇಳುತ್ತ ಹೋದಳು. ಸಕ್ಕರೆ, ಸಾಬೂನು, ಬೆಂಕಿಪೊಟ್ಟಣ. ಡಾಕ್ಟರಮ್ಮ ಮೊಂಡು ತುದಿಯನ್ನೇ ಒತ್ತಿ ಒತ್ತಿ ಬರೆದರು. ಬರೆದು ಮುಗಿದ ಮೇಲೆ ತಂಗಿ ಚೀಟಿಯನ್ನು ದೂರ ಹಿಡಿದು ನೋಡಿದಳು.

“ಇದೇನಕ್ಕಾ, ಇಷ್ಟು ದಪ್ಪ ಅಕ್ಷರ? ಒಂಚೂರು ಹೆರ್ಕೊಳ್ಳೋದಲ್ವಾ?”

“ಓದೋಕೆ ಬರುತ್ತಲ್ಲ, ಸಾಕು ಬಿಡೆ,” ಎಂದು ಡಾಕ್ಟರಮ್ಮ ಪೆನ್ಸಿಲನ್ನು ಡಬ್ಬಿಯೊಳಗೆ, ಕಚ್ಚಿದ ಕಡೆ ಮೇಲಾಗಿ, ನಿಲ್ಲಿಸಿದರು.